ತಲೆ ತಗ್ಗಿಸಿ ನೋಡಿದ ವಾಡೇವು

ಮೊದಲೇ ಹೇಳಿಬಿಡುತ್ತೇನೆ, ಈ ವ್ಯವಹಾರದಲ್ಲಿ ನನ್ನ ಕೈಬಿಟ್ಟು ಹೋದದ್ದು ಒಂದು ಪೂರಾ ಮದುವೆ. ನನ್ನ ಮದುವೆಯಲ್ಲ, ಆ ಪೆಟ್ಟು ಬಿದ್ದು ಬಹಳ ವರ್ಷವಾಯಿತು, ನೋವು ರೂಢಿಯಾಗಿದೆ. ನಾನು ಹೇಳುತ್ತಿರುವುದು ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡಿದ್ದ ಸಣ್ಣ ದೊರೆಗಳ ಮಗಳ ಮದುವೆ. ಪೆಂಡಾಲು, ಕುರ್ಚಿ, ಹಂಡೆ, ಜಮಖಾನೆ, ಬಣ್ಣದ ದೀಪದ ಸರ, ಮದುಮಗ ಕೂಡುವ ಕೆಂಪು ಮಖಮಲ್ಲಿನ ಸಿಂಹಾಸನ, ಎಲ್ಲವೂ ನನ್ನ ಅಂಗಡಿಯಿಂದಲೇ ಹೋಗಬೇಕಾಗಿತ್ತು. ಅಂಥ ಮದುವೆ ಒಂದು ಸಿಕ್ಕರೆ ನನ್ನಂಥವನು ಆ ವರ್ಷ ಉಳಿದ ಗಿರಾಕಿಗಳ ಜೊತೆ ಸ್ವಲ್ಪ ಸೊಕ್ಕಿನಿಂದ ಮಾತಾಡಬಹುದು. ಆ ಸೊಕ್ಕು ನನಗೆ ದಕ್ಕಲಿಲ್ಲ. ಯಾಕೆಂದರೆ ಬಿದ್ದು ಮಣ್ಣಾಗಿದ್ದ ಒಂದು ವಾಡೇವನ್ನು, ದೊರೆಗಳ ಹಳೇ ದೊಡ್ಡ ಮನೆಯನ್ನು, ಟೀವಿಯೊಳಗೆ ಮತ್ತೆ ಎಬ್ಬಿಸಿ ನಿಲ್ಲಿಸುವವರಿಗೆ ನಾನು ಹೆಗಲು ಕೊಟ್ಟೆ. ನಿಂತ ಮನೆಯ ಮುಂದೆ ಪೆಂಡಾಲು ಹಾಕಿ ಹೊಟ್ಟೆ ಹೊರೆಯುವವನು ಬಿದ್ದ ಮನೆಯ ಗೊಡವೆಗೆ ಹೋಗಬಾರದು. ಇದನ್ನು ನನಗೆ ಯಾರೂ ಮುಂಚೆ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಯಾಕೆಂದರೆ ಬುದ್ಧಿ ಹೇಳುವ ಕೆಲಸ ನಮ್ಮ ಮನೆತನದಲ್ಲಿ ನನ್ನ ಪಾಲಿಗೆ ಬಂದದ್ದು, ಕೇಳುವ ಕೆಲಸ ಯಾರ ಪಾಲಿಗೂ ಬಂದಿಲ್ಲ.

ನನ್ನ ಅಂಗಡಿ ರಾಯಚೂರಿನ ತೀನ್ ಕಂದೀಲಿನ ಹತ್ತಿರದ ಒಂದು ಓಣಿಯಲ್ಲಿತ್ತು. ಊರವರು ನನ್ನನ್ನು ಶಾಮಿಯಾನಾ ಮಲ್ಲಣ್ಣ ಅನ್ನುತ್ತಿದ್ದರು. ಅದಕ್ಕೂ ಮುಂಚೆ ಗ್ಯಾಸ್‌ಬತ್ತಿ ಮಲ್ಲ್ಯಾ. ಮದುವೆ ಮೆರವಣಿಗೆಯಲ್ಲಿ ಗ್ಯಾಸ್‌ಬತ್ತಿ ಹೊತ್ತು ನಡೆದೇ ನಾನು ದೊಡ್ಡವನಾದವನು. ಎಷ್ಟೋ ವರ್ಷ ಬೆಳಕು ತಲೆಯ ಮೇಲಿತ್ತು, ತಲೆಯೊಳಗೆ ಬಂದದ್ದು ಆಮೇಲೆ. ಬಂದ ಮೇಲೆ ಮಾತ್ರ ನಾನು ಯಾವ ವ್ಯಾಪಾರದಲ್ಲೂ ಮೊದಲು ಹೇಳಿದ ದರಕ್ಕೆ ಒಪ್ಪಿದವನಲ್ಲ. ಬಟ್ಟೆ ಅಂಗಡಿಗೆ ಹೋದರೆ ಬೇಕಾದ ಸೀರೆ ಮುಟ್ಟಬೇಡಿ, ಅದರ ಪಕ್ಕದ್ದನ್ನು ಮುಟ್ಟಿ ಮುಖ ಸಿಂಡರಿಸಿ. ಬೇಕಾದದ್ದು ತಾನಾಗಿ ಕೈಗೆ ಬರುತ್ತದೆ. ನನ್ನ ಹೆಂಡತಿ ಶರಣಮ್ಮ ಒಮ್ಮೆ ನೆರೆಮನೆಯವಳ ಮುಂದೆ ಹೇಳುತ್ತಿದ್ದಳು: "ನಮ್ಮ ಮನಿಯವರು ಯಮ ಬಂದು ಬಾಗಿಲಾಗ ನಿಂತ್ರೂ, 'ಕೂಡ್ರಿ ಸಾಹೇಬ್ರ, ಆಖರಿ ರೇಟ್ ಹೇಳ್ರಿ' ಅಂತಾರ." ಅವಳು ಬೈಗುಳವೆಂದು ಹೇಳಿದ್ದು. ನಾನು ಅದನ್ನು ಅಂಗಡಿಯ ಬೋರ್ಡಿನ ಮೇಲೆ ಬರೆಸಬೇಕೆಂದಿದ್ದೆ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಕಡೆ ಮಾಳಿಗೆ ಮಾಳಿಗೆಗೂ ಟೀವಿ ಅಂಟೆನಾ ಎದ್ದಿದ್ದವು. ಅದೇ ಕಾಲಕ್ಕೆ ಹೈದರಾಬಾದಿನಿಂದ ವಸುಧಾ ಮೇಡಂ ಎಂಬ ಹೆಣ್ಣುಮಗಳು ಬಂದರು. ಹಾಳಾದ ಹಳೇ ಮನೆಗಳ ಮೇಲೆ ಟೀವಿಗೆ ಕಾರ್ಯಕ್ರಮ ಮಾಡುವುದು ಅವರ ಕೆಲಸ. ಜೊತೆಗೆ ನಕ್ಷೆ ಬರೆಯುವ ಮೂರ್ತಿ ಎಂಬ ತೆಳ್ಳನೆಯ ಮನುಷ್ಯ. ಅವರಿಗೆ ಬೇಕಾಗಿದ್ದದ್ದು ದೇವದುರ್ಗದ ಆಚೆಯ ಒಂದು ಹಳ್ಳಿಯಲ್ಲಿದ್ದ ದೊರೆಗಳ ವಾಡೇವು. "ಇದ್ದ" ಎಂದೆ, ಗಮನಿಸಿ. ಎಪ್ಪತ್ತರ ದಶಕದ ಶುರುವಿನಲ್ಲೇ ಮನೆಯವರು ಛಾವಣಿ ಬಿಚ್ಚಿ ತೊಲೆ, ಕಂಬ, ಬಾಗಿಲು ಮಾರಿಬಿಟ್ಟಿದ್ದರು. ತಲೆ ಹೋದ ಮಣ್ಣಿನ ಗೋಡೆ ಎಷ್ಟು ಮಳೆ ತಡೆದೀತು? ಕರಗಿ ದಿಬ್ಬವಾಯಿತು, ದಿಬ್ಬದ ಮೇಲೆ ಜಾಲಿ ಬೆಳೆಯಿತು, ಆಮೇಲೆ ಸಣ್ಣ ದೊರೆಗಳು ಅದನ್ನೂ ಸಪಾಟು ಮಾಡಿಸಿ ಭತ್ತ ಒಣಗಿಸಲು ಸಿಮೆಂಟಿನ ಕಣ ಹಾಕಿಸಿದರು. ಈಗ ಅಲ್ಲಿ ನಿಂತರೆ ಕಾಣುವುದು ಬಿಸಿಲು, ಕಣ, ಕಣದ ತುಂಬ ಗುಬ್ಬಿ.

ಉಳಿದಿದ್ದ ಫೋಟೋ ಒಂದೇ. ಸಣ್ಣ ದೊರೆಗಳ ತಂದೆ ದೊಡ್ಡ ದೊರೆಗಳು ವಾಡೇವಿನ ಮುಂದೆ ಕುರ್ಚಿ ಹಾಕಿಕೊಂಡು ಕೂತು ತೆಗೆಸಿಕೊಂಡದ್ದು. ಆದರೆ ಫೋಟೋ ತೆಗೆಯುವವನು ತನ್ನ ಕಸುಬಿನ ಪ್ರಕಾರ ಅವರ ಬೆನ್ನ ಹಿಂದೆ ಒಂದು ಪರದೆ ಕಟ್ಟಿದ್ದ. ಪರದೆಯ ಮೇಲೆ ಯಾವುದೋ ದೇಶದ ಕೆರೆ, ಕೆರೆಯಲ್ಲಿ ಹಂಸ. ಇಡೀ ವಾಡೇವು ಆ ಹಂಸದ ಹಿಂದೆ ಮುಚ್ಚಿಹೋಗಿತ್ತು. ಮೇಡಂ ಆ ಫೋಟೋ ತಿರುಗಿಸಿ ಅದರ ಹಿಂಭಾಗವನ್ನೂ ನೋಡಿದರು.

ಆಗಲೇ ನನಗೆ ಕಂಪ್ಯೂಟರಿನ ವಿಷಯ ಗೊತ್ತಾದದ್ದು. ಹೈದರಾಬಾದಿನ ಯಾವುದೋ ಕಚೇರಿಯಲ್ಲಿ ಅಂಥದೊಂದು ಯಂತ್ರವಿದೆಯಂತೆ. ಕಲ್ಲು ಬೇಡ, ಸುಣ್ಣ ಬೇಡ, ಗೌಂಡಿ ಬೇಡ. ಅಳತೆ ಹೇಳಿದರೆ ಸಾಕು, ಗೆರೆಗೆರೆಯಾಗಿ ಮನೆ ಎಬ್ಬಿಸಿ, ನಾವೇ ಬಾಗಿಲು ದಾಟಿ ಒಳಗೆ ನಡೆದುಹೋದ ಹಾಗೆ ತೋರಿಸುತ್ತದೆಯಂತೆ. ನಾನು ಕೇಳಿದ ಮೊದಲ ಪ್ರಶ್ನೆ ಅದರ ಬಾಡಿಗೆ. ನನ್ನ ಶಾಮಿಯಾನಾದ ಹಾಗೇ ಅದನ್ನೂ ಬಾಡಿಗೆಗೆ ತರುತ್ತಾರೆ ಎಂದು ತಿಳಿದಾಗ ಆ ಯಂತ್ರದ ಮೇಲೆ ಸ್ವಲ್ಪ ಅಭಿಮಾನ ಹುಟ್ಟಿತು. ಆದರೆ ಅದಕ್ಕೆ ಒಂದು ದೊಡ್ಡ ಐಬು: ಅಂದಾಜು ಅನ್ನುವುದು ತಿಳಿಯುವುದಿಲ್ಲ. "ಒಂದು ಆಳೆತ್ತರ, ಮ್ಯಾಲ ಸ್ವಲ್ಪ" ಎಂದರೆ ಸುಮ್ಮನೆ ಕೂತುಬಿಡುತ್ತದೆ. ಹಾಗಾಗಿ ವಾಡೇವಿನ ಒಳಗೆ ಓಡಾಡಿದ ಹಳೇ ಜನ ಬೇಕು, ಅವರ ಬಾಯಿಂದ ಒಂದೊಂದೇ ಅಳತೆ ಹೊರಡಿಸಬೇಕು. ಜನ ಕೂಡಿಸುವುದು, ನೆರಳು ಹಾಕುವುದು, ಊಟ ಹಾಕಿಸುವುದು ನನ್ನ ಗುತ್ತಿಗೆ. ಸಣ್ಣ ದೊರೆಗಳೇ ನನ್ನ ಹೆಸರು ಹೇಳಿದ್ದರು. ಮಗಳ ಮದುವೆಗೆ ಮುಂಚೆ ಬೀಗರು ಟೀವಿಯಲ್ಲಿ ತಮ್ಮ ಹಿರಿಯರ ವಾಡೇವು ನೋಡಲಿ ಎಂಬ ಆಸೆ ಅವರದು. ಮದುವೆಯ ಪೆಂಡಾಲೂ ನಿನ್ನದೇ ಎಂದು ಬಾಯಿಮಾತು ಕೊಟ್ಟಿದ್ದರು.

ಕಣದ ಒಂದು ಬದಿಗೆ ಶಾಮಿಯಾನಾ ಎಬ್ಬಿಸಿದೆ. ಒಳ್ಳೇ ಕಬ್ಬಿಣದ ಕುರ್ಚಿ ಸಾಲಾಗಿ ಹಾಕಿಸಿದೆ. ಮುದುಕರು, ಮುದುಕಿಯರು ಬಂದರು. ಯಾರೂ ಕುರ್ಚಿಯ ಮೇಲೆ ಕೂಡಲಿಲ್ಲ. "ಬರ್ರಿ, ಕೂಡ್ರಿ" ಅಂದರೆ, "ವಾಡೇವ್ದಾಗ ಹ್ಯಾಂಗ ಕೂಡಬೇಕ್ರಿ" ಎಂದು ನೆಲಕ್ಕೇ ಕೂತರು. ವಾಡೇವು ಎಲ್ಲಿತ್ತು? ಸಿಮೆಂಟು, ಗುಬ್ಬಿ. ಆದರೂ ಬರುವಾಗ ಒಬ್ಬೊಬ್ಬರೂ ಒಂದು ಜಾಗಕ್ಕೆ ಬಂದ ಕೂಡಲೇ ಬಗ್ಗಿ ಕಾಲಿನ ಚಪ್ಪಲಿ ಕಳೆದು ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದರು. ಅಲ್ಲೊಂದು ಕಲ್ಲೂ ಇಲ್ಲ, ಗುರುತೂ ಇಲ್ಲ. ಮೂರ್ತಿ ಅದನ್ನು ನೋಡುತ್ತ ನೋಡುತ್ತ ಎದ್ದು ಹೋಗಿ ಆ ಜಾಗಕ್ಕೆ ಸುಣ್ಣದ ಗೆರೆ ಎಳೆದು ಬಂದ. "ದೊಡ್ಡ ಬಾಗಿಲು ಸಿಕ್ಕಿತು ಮೇಡಂ" ಎಂದ. ನನ್ನ ಬಾಡಿಗೆ ಕುರ್ಚಿಗಳು ಸಾಯಂಕಾಲದವರೆಗೂ ಖಾಲಿ ಕೂತು ಬಿಸಿಲು ಕಾಯಿಸಿಕೊಂಡವು.

ಮಾತು ಶುರುವಾಯಿತು. ನೆಲದ ವಿಷಯ ಕೇಳಿದರೆ ಸಾಕು, ಒಬ್ಬರ ಮೇಲೊಬ್ಬರು ಬಿದ್ದು ಹೇಳುತ್ತಿದ್ದರು. ಪಡಸಾಲೆಗೆ ಶಹಾಬಾದ ಕಲ್ಲು, ಒಳಗೆ ಹೋಗುತ್ತ ನುಣ್ಣಗಿನ ಕರಿಕಲ್ಲು, ಮೆಟ್ಟಿಲ ಹತ್ತಿರದ ಕಲ್ಲು ಸೀಳಿತ್ತು, ಅದರ ಸಂದಿಯಲ್ಲಿ ಇರುವೆ. ದೊಡ್ಡ ದೊರೆಗಳ ಕಾಲಿನ ಚಡಾವಿನ ತುದಿಗೆ ಬೆಳ್ಳಿ ಹೂವು ಇತ್ತು, ಎಡಗಾಲಿನದು ಸ್ವಲ್ಪ ಸವೆದಿತ್ತು. ನೆಲ ಮುಗಿಯಿತು. ಮೇಡಂ ಕೇಳಿದರು: "ಕಂಬ ಎಷ್ಟು ಎತ್ತರ ಇದ್ದವು ಅಜ್ಜಾ?"

"ಕಂಬದ ಬುಡ ಹೇಳ್ತೀನ್ರಿ. ಕುಂಬಳಕಾಯಿ ಹಂಗ ಕೆತ್ತಿದ್ರು."

"ಬುಡ ಅಲ್ಲ, ಮೇಲೆ. ಮೇಲೆ ಏನಿತ್ತು?"

ಮುದುಕ ಪಕ್ಕದವನ ಮುಖ ನೋಡಿದ. ಪಕ್ಕದವನು ನೆಲ ನೋಡಿದ. "ಮ್ಯಾಲ ದೊರಿಗಳಿದ್ರಲ್ರಿ ಯವ್ವಾ. ಮಾರಿ ಎತ್ತಿ ನೋಡಾಕ ಹ್ಯಾಂಗ ಆಗತಿತ್ತು?"

ಯಾರನ್ನು ಕೇಳಿದರೂ ಅಷ್ಟೇ. ವಾಡೇವಿನೊಳಗೆ ಕತ್ತು ಬಗ್ಗಿಸಿ ಹೋಗಬೇಕು, ಬಗ್ಗಿಸಿ ಬರಬೇಕು, ಅದು ರಿವಾಜು. ಜೀವಮಾನವಿಡೀ ಅಲ್ಲಿ ಕಸ ಹೊಡೆದವರು, ಕಾಳು ಹೊತ್ತವರು, ದನ ಕಟ್ಟಿದವರು ಇದ್ದರು. ಮೊಣಕಾಲಿನ ಮೇಲಿನ ವಾಡೇವು ಯಾರಿಗೂ ಗೊತ್ತಿರಲಿಲ್ಲ. ಮೂರ್ತಿಯ ಹಾಳೆಯಲ್ಲಿ ನೆಲ ಮಾತ್ರ ರತ್ನಗಂಬಳಿಯ ಹಾಗೆ ತುಂಬಿತು, ಗೋಡೆ ಮೊಣಕಾಲುದ್ದ ಎದ್ದು ನಿಂತುಬಿಟ್ಟಿತು. ನನಗೆ ಗಾಬರಿ. ನನ್ನ ಸಾಕ್ಷಿಗಳು ಅರ್ಧ ಮಾಲು ಕೊಟ್ಟರೆ ಗುತ್ತಿಗೆಯ ಮರ್ಯಾದೆ ಏನು? ಊರೂರು ಹುಡುಕಿಸಿದೆ. ಕೊನೆಗೆ ಚಂದ್ರಬಂಡದಿಂದ ಬೀರಪ್ಪ ಎಂಬ ಕುರಿ ಕಾಯುವ ಮುದುಕ ಸಿಕ್ಕ. ಹಿಂಡು ಹೊಡೆದುಕೊಂಡು ಆ ಕಡೆ ತಿರುಗುತ್ತಿದ್ದವನು.

"ಛತ್ತು ನಾ ನೋಡೀನ್ರಿ" ಎಂದ ಬೀರಪ್ಪ, ಎದೆ ಉಬ್ಬಿಸಿ. "ಹಸರ ಗಿಳಿ ಬರ್ದಿದ್ರು. ಸಾಲಿಗಿ ಗಿಳಿ. ಒಂದಕ್ಕ ಚುಂಚ ಇದ್ದಿಲ್ಲ, ಬಣ್ಣ ಉದರಿತ್ತು."

ಮೇಡಂ ಮುಖ ಅರಳಿತು. "ನೀವು ಹೇಗೆ ನೋಡಿದಿರಿ ಅಜ್ಜಾ? ಬೇರೆ ಯಾರೂ ನೋಡಿಲ್ಲವಲ್ಲ?"

"ನಮ್ಮ ಕುರಿ ಅವರ ಹೊಲ ಹೊಕ್ಕಿದ್ವು. ಹಿಡ್ದು ತಂದು ಪಡಸಾಲ್ಯಾಗ ಬಡದ್ರು. ಬೆನ್ನ ಮ್ಯಾಲ ಬಿದ್ನಿ ನೋಡ್ರಿ, ಮಾರಿ ಮ್ಯಾಲ ಆತು." ಅವನು ನಕ್ಕ. "ಬೋರಲ ಬಿದ್ದಿದ್ರ ನಿಮಗ ಗಿಳಿ ಸಿಗತಿರಲಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರ್ತಿ ನಗಲಿಲ್ಲ, ಬೀರಪ್ಪನನ್ನು ಅದೇ ಜಾಗದಲ್ಲಿ ಮತ್ತೆ ಅಂಗಾತ ಮಲಗಿಸಿ, ಬಿದಿರು ಕೋಲು ಎತ್ತಿ ಹಿಡಿದು, "ಇಷ್ಟು ಎತ್ತರ? ಇನ್ನೂ ಮೇಲೆ?" ಎಂದು ಕೇಳಿ ಛಾವಣಿಯ ಅಳತೆ ತೆಗೆದುಕೊಂಡ. ಒಬ್ಬ ಮನುಷ್ಯನಿಗೆ ಬಿದ್ದ ಒದೆಯಿಂದ ಒಂದು ಮನೆಗೆ ಛಾವಣಿ ಬಂತು.

ಮರುದಿನ ಮೂರ್ತಿ ಪೆಂಡಾಲಿಗೆ ಗುರುತು ಹಾಕುವ ನನ್ನ ಸುಣ್ಣವನ್ನೇ ಇಸಿದುಕೊಂಡು ಇಡೀ ವಾಡೇವನ್ನು ಕಣದ ಮೇಲೆ ನಿಜದ ಅಳತೆಗೆ ಗೆರೆ ಎಳೆದು ಬರೆದ. ಪಡಸಾಲೆ, ಒಳಕೋಣೆ, ಹಿತ್ತಲ ಅಂಗಳ. "ಈಗ ನೀವು ಹಿಂದೆ ಹೇಗೆ ಕೆಲಸ ಮಾಡುತ್ತಿದ್ದಿರೋ ಹಾಗೇ ನಡೆಯಿರಿ" ಎಂದ. ಮುದುಕರು ಖಾಲಿ ಚೀಲ ಹೆಗಲ ಮೇಲೆ ಹಾಕಿಕೊಂಡು, ಮುದುಕಿಯರು ಖಾಲಿ ಬುಟ್ಟಿ ಹೊತ್ತು, ಆ ಸುಣ್ಣದ ಗೆರೆಗಳ ನಡುವೆ ಓಡಾಡತೊಡಗಿದರು. ನೋಡುವುದಕ್ಕೆ ತಮಾಷೆಯಾಗಿತ್ತು. ಆದರೆ ಹಿತ್ತಲ ಅಂಗಳದ ನಡುವೆ ಬಂದ ಕೂಡಲೇ ಒಬ್ಬೊಬ್ಬರೂ ಎಡಕ್ಕೆ ಹೊರಳಿ, ಅರ್ಧ ಸುತ್ತು ಹಾಕಿ, ಮತ್ತೆ ನೆಟ್ಟಗೆ ಹೋಗುತ್ತಿದ್ದರು. ಗೆರೆ ಇಲ್ಲ, ಕಲ್ಲಿಲ್ಲ, ಸಪಾಟು ಸಿಮೆಂಟು. ಒಬ್ಬ ಕುರುಡ ಮುದುಕನಿದ್ದ, ಅವನೂ ಸುತ್ತು ಹಾಕಿದ. "ಇಲ್ಲೇನಿತ್ತು?" ಎಂದು ಮೂರ್ತಿ ಕೇಳಿದರೆ, "ಏನಿಲ್ರಿ", "ಗೊತ್ತಿಲ್ರಿ".

ಅಷ್ಟರಲ್ಲಿ ಜೀಪು ಬಂತು. ಸಣ್ಣ ದೊರೆಗಳು ಬಿಳಿ ಬಟ್ಟೆಯಲ್ಲಿ ಇಳಿದು, ತಮ್ಮ ಹಿರಿಯರ ಮನೆ ಎಲ್ಲಿಯವರೆಗೆ ಎದ್ದಿದೆ ನೋಡೋಣವೆಂದು ಸುಣ್ಣದ ಗೋಡೆ ದಾಟಿ ಹಿತ್ತಲ ಅಂಗಳದಲ್ಲಿ ನೆಟ್ಟಗೆ ಬಂದರು. ಬುಟ್ಟಿ ಹೊತ್ತು ನಿಂತಿದ್ದ ಒಬ್ಬ ಮುದುಕಿ ಚೀರಿದಳು: "ಯಪ್ಪಾ! ತುಳೀಬ್ಯಾಡ್ರಿ! ಹಗೇವಿನ ಬಾಯಿ ಅದ ಅಲ್ಲಿ!"

ಹಗೇವು ಅಂದರೆ ಗೊತ್ತಲ್ಲ, ಜೋಳ ತುಂಬಿ ಮುಚ್ಚಿಡುವ ನೆಲದೊಳಗಿನ ಕಣಜ. ಮೇಲೆ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಹೊಟ್ಟೆ. ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮೆತ್ತಿರುತ್ತಾರೆ. ಒಳಗೆ ಲಕ್ಷ್ಮಿ ಇರುತ್ತಾಳೆಂದು ಅದನ್ನು ಯಾರೂ ತುಳಿಯುವುದಿಲ್ಲ, ಸುತ್ತು ಹಾಕಿ ಹೋಗುತ್ತಾರೆ. ಬಾಯಿ ತೆರೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ವಿಷದ ಗಾಳಿ ನಿಂತಿರುತ್ತದೆ. ಕಂದೀಲು ಇಳಿಬಿಡಬೇಕು. ಕಂದೀಲು ಆರಿದರೆ ಇಳಿಯಬಾರದು.

ಸಣ್ಣ ದೊರೆಗಳು ನಿಂತಲ್ಲೇ ನಿಂತರು. ಆಮೇಲೆ ನಕ್ಕು ಮೇಡಂಗೆ ಹೇಳಿದರು: "ನಮ್ಮ ವಾಡೇವ್ದಾಗ ಹಗೇವ ಇದ್ದಿಲ್ಲ. ಕಾಳೆಲ್ಲ ಮಾಳಗಿ ಮ್ಯಾಲಿನ ಕೋಣ್ಯಾಗ ಇರತಿತ್ತು. ಹೌದಿಲ್ರೋ?" ಚೀಲ, ಬುಟ್ಟಿ ಹೊತ್ತವರೆಲ್ಲ ನೆಲ ನೋಡಿದರು. ಅಷ್ಟೂ ಜನರ ಕಾಲು ಹೇಳಿಯಾಗಿತ್ತು. ಬಾಯಿ ಮಾತ್ರ ಯಾವುದೂ ತೆರೆಯಲಿಲ್ಲ.

ಆ ಮುದುಕಿಯ ಹೆಸರು ಹುಲಿಗೆಮ್ಮ. ದೊರೆಗಳ ಜೀಪು ಹೋದ ಮೇಲೆ ಶಾಮಿಯಾನಾದ ಗೂಟಕ್ಕೆ ಒರಗಿ ಕೂತು ಅವಳು ಮೇಡಂಗೆ ಹೇಳಿದ್ದು ಇಷ್ಟು. ನಿಜಾಮನ ಕಾಲದ ಮಾತು. ಅವಳ ಗಂಡ ಹನುಮಂತ ವಾಡೇವಿನಲ್ಲಿ ಜೀತಕ್ಕಿದ್ದ. ಒಂದು ದಿನ ಹಗೇವು ತೆರೆದರು. ದೊಡ್ಡ ದೊರೆಗಳಿಗೆ ಅವಸರ. ಕಂದೀಲು ತರಲು ಹೋದವನು ಬರುವವರೆಗೂ ತಡೆಯಲಿಲ್ಲ. ಹನುಮಂತನ ನಡುವಿಗೆ ಹಗ್ಗ ಕಟ್ಟಿ ಇಳಿಸಿದರು. ಅವಳು ಅಲ್ಲೇ ಜೋಳ ಕೇರುತ್ತಿದ್ದಳು. ಎಳೆದಾಗ ಹಗ್ಗ ಬಂತು, ಹನುಮಂತ ಬರಲಿಲ್ಲ. ಹೆಣ್ಣುಮಕ್ಕಳನ್ನೆಲ್ಲ ಹೊರಗೆ ಅಟ್ಟಿದರು. ಸಂಜೆ ಹೊತ್ತಿಗೆ ಬಾಯಿಗೆ ಚಪ್ಪಡಿ ಬಿದ್ದು ಮಣ್ಣು ಮೆತ್ತಿಯಾಗಿತ್ತು. ಮರುದಿನ ಊರಲ್ಲಿ ಸುದ್ದಿ: ಹನುಮಂತ ಜೋಳ ಕದ್ದು ಮುಂಬಯಿಗೆ ಓಡಿಹೋದ.

"ಓಡಿ ಹೋದವನ ಹೇಣ್ತಿ ಅಂದ್ರು, ಅನ್ನಿಸ್ಕೊಂಡೆ" ಎಂದಳು ಹುಲಿಗೆಮ್ಮ. ಅವಳ ಕೈಯಲ್ಲಿ ಇನ್ನೂ ಹಸಿರು ಬಳೆ ಇದ್ದವು. "ಅದಕ್ಕ ಏನೂ ಇಲ್ಲ. ವರ್ಷಾ ಹಿರೇರ ಅಮಾಸಿ ಬರತದಲ್ಲ ಯವ್ವಾ, ಎಲ್ಲಾರ ಮನ್ಯಾಗ ಸತ್ತವರಿಗಿ ಎಡಿ ಇಡ್ತಾರ. ನಾ ಇಡಾಕ ಹೋದ್ರ ದೈವದವರು, ಊರ ಕಟ್ಟಿ ಮ್ಯಾಲಿನ ಹಿರಿಯಾರು, ಬ್ಯಾಡ ಅಂತಾರ. ಜೀವಂತ ಇದ್ದವನಿಗಿ ಎಡಿ ಹ್ಯಾಂಗ ಇಡ್ತೀಬೇ, ಹೆಣ ಎಲ್ಲದ, ಹಗೇವ ಎಲ್ಲದ ಅಂತಾರ. ಸತ್ತಂದಿನಿಂದ ಅಂವ ಒಂದು ತುತ್ತು ಉಂಡಿಲ್ಲ. ನೀವು ನಿಮ್ಮ ಚಿತ್ರದಾಗ ಆ ಬಾಯಿ ಒಂದು ತೋರಸ್ರಿ. ನಾ ಅವನಿಗಿ ಎಡಿ ಇಡ್ತೀನಿ. ಮತ್ತೇನೂ ಬ್ಯಾಡ."

ಕಣ ಒಡೆದು ನೋಡಬಹುದಿತ್ತು. ಆದರೆ ಕಣ ದೊರೆಗಳದ್ದು.

ಎರಡು ದಿನ ಬಿಟ್ಟು ಮಾನ್ವಿಯಿಂದ ಕರೆ ಬಂತು. ಗಿರಣಿಯ ಧೂಳಿನ ನಡುವೆ ಕೂತು ಸಣ್ಣ ದೊರೆಗಳು ಚಹಾ ತರಿಸಿದರು. ಅವರು ಕೆಟ್ಟ ಮನುಷ್ಯರೇನಲ್ಲ. "ಮಲ್ಲಣ್ಣ, ನಾ ಆಗ ಹುಟ್ಟೇ ಇದ್ದಿಲ್ಲ. ನನ್ನ ಮಗಳೇನು ತಪ್ಪು ಮಾಡ್ಯಾಳ? ಬೀಗರು ಟೀವಿ ಮುಂದ ಕೂತಿರ್ತಾರ. ಆ ಮೇಡಂ ನಿನ್ನ ಮಾತು ಕೇಳ್ತಾಳ. ಸಾಕ್ಷಿ ತಂದಾಂವ ನೀನು. ಒಂದು ಮಾತು ಹೇಳು, ಮುದುಕಿಗಿ ತಲಿ ಸರಿ ಇಲ್ಲ ಅಂತ. ಪೆಂಡಾಲಿನ ಮಾತು ಇವತ್ತೇ ಮುಗ್ಸೂಣು."

ಮಾತು ಮಾರುವುದು ನನಗೆ ಹೊಸದಲ್ಲ. ಆದರೂ ಒಂದೇ ಏಟಿಗೆ ಒಪ್ಪಿದರೆ ನನ್ನ ಕಸುಬಿಗೆ ಅವಮಾನ. ಇಬ್ಬರಿಗೂ ಹೊಂದುವ ನಡುವಿನ ದರ ಒಂದು ಇದ್ದೇ ಇರುತ್ತದೆ, ಹುಡುಕಬೇಕು ಅಷ್ಟೇ. ಸೀದಾ ಹುಲಿಗೆಮ್ಮನ ಗುಡಿಸಲಿಗೆ ಹೋದೆ. "ಯವ್ವಾ, ಹಗೇವು ಬ್ಯಾಡ. ಅದರ ಬಾಯಿ ಮ್ಯಾಲ ಒಂದು ಎತ್ತಿನ ಬಂಡಿ ನಿಲ್ಲಿಸಿದಂಗ ತಗಸ್ತೀನಿ. ಕೆಳಗ ಹಗೇವ ಅದ ಅಂತ ನಿನಗ ಗೊತ್ತಿರತದ, ಮಂದಿಗಿ ಕಾಣೂದಿಲ್ಲ."

ಅವಳು ಯೋಚನೆ ಮಾಡಿದಳು. ನಿಜವಾಗಿಯೂ ಯೋಚನೆ ಮಾಡಿದಳು. "ಬಂಡಿ ಎಷ್ಟು ದಿನ ನಿಲ್ಲತದ ಯಪ್ಪಾ? ಬಿತ್ತಗಿ ಬಂದ್ರ ಹೊಡಕೊಂಡು ಹೋಗತಾರ."

"ಆತು, ಬಾವಿ ಅಂತ ಬರಸೂಣು. ಗುಂಡಗ, ಹಗೇವಿನಂಗ ಇರತದ. ಬಾವ್ಯಾಗ ಬಿದ್ದು ಸತ್ತಾ ಅಂದ್ರ ದೈವದವರೂ ಎಡಿ ಇಡು ಅಂತಾರ. ಯಾರದೂ ಹೆಸರು ಕೆಡೂದಿಲ್ಲ. ನಿನ್ನ ಕೆಲಸ ಆಗತದ."

ನನ್ನ ಜೀವಮಾನದಲ್ಲಿ ಅದಕ್ಕಿಂತ ನುಣುಪಾದ ತೋಡ್ಪಾಣಿ, ಅಂದರೆ ರಾಜಿ, ನಾನು ಹೊಂದಿಸಿದ್ದಿಲ್ಲ. ಹುಲಿಗೆಮ್ಮ ನನ್ನ ಮುಖವನ್ನೇ ನೋಡಿದಳು. ಕತ್ತು ಎತ್ತಿ ನೋಡಿದಳು. "ಬಾವ್ಯಾಗ ಬಿದ್ದ ಹೆಣ ತೇಲತದ, ಯಪ್ಪಾ. ನಮ್ಮಾಂವ ತೇಲಲಿಲ್ಲ."

ಅಂಗಡಿಯವನು ದರ ಹೇಳಿದಾಗ ಎದ್ದು ಹೊರಟ ಹಾಗೆ ಮಾಡಬೇಕು, ಕರೆಯುತ್ತಾನೆ, ಅದು ಚೌಕಾಶಿಯ ಮೊದಲ ಪಾಠ. ನಾನು ಎದ್ದು ಹೊರಟೆ. ಅವಳು ಕರೆಯಲಿಲ್ಲ.

ಮೇಡಂ ಹೈದರಾಬಾದಿಗೆ ಹೊರಟ ದಿನ ಬೆಳಿಗ್ಗೆ ರಾಯಚೂರಿನಲ್ಲಿ ನನ್ನ ಅಂಗಡಿಯ ಮುಂದೆ ಜೀಪು ನಿಲ್ಲಿಸಿದರು. "ಮಲ್ಲಣ್ಣಾ, ಆ ಅಜ್ಜಿ ಒಬ್ಬಳೇ ಹೇಳುತ್ತಿದ್ದಾಳೆ, ಮನೆಯವರು ಇಲ್ಲ ಅನ್ನುತ್ತಿದ್ದಾರೆ. ಜನರನ್ನು ಕರೆದು ತಂದವರು ನೀವು. ಅವಳ ಮಾತು ನಂಬಬಹುದಾ?" ನನ್ನ ಬಾಯಲ್ಲಿ ವಾಕ್ಯ ತಯಾರಿತ್ತು. ತಲಿ ಸರಿ ಇಲ್ಲ, ಮೂರು ಮಾತು. ಒಳಗೆ ಗೋಡೆಗೆ ಒರಗಿಸಿಟ್ಟಿದ್ದ ಮಖಮಲ್ಲಿನ ಸಿಂಹಾಸನ ನನ್ನನ್ನೇ ನೋಡುತ್ತಿತ್ತು. ನನ್ನ ಕಿವಿಗೆ ನನ್ನದೇ ಧ್ವನಿ ಕೇಳಿಸಿತು: "ಆಕಿ ಹೇಳಿದ್ದು ಖರೆ ಅದರೀ ಮೇಡಂ. ಕುರುಡ ಮುದುಕ ಸುದ್ದಾ ಸುತ್ತು ಹಾಕಿದ್ನಲ್ಲ."

ಜೀಪು ಹೋಯಿತು. ಬಾಗಿಲಲ್ಲಿ ನಿಂತಿದ್ದ ಶರಣಮ್ಮ ಎಲ್ಲ ಕೇಳಿಸಿಕೊಂಡಿದ್ದಳು. "ಜಲ್ಮಕ್ಕ ಒಮ್ಮಿ ಪುಕ್ಕಟ ಖರೆ ಹೇಳೀರಿ. ಅದೂ ಮದುವಿ ಸೀಜನ್ನು ಬರೋ ಮುಂದ" ಎಂದಳು. ಆ ಮದುವೆಯ ಪೆಂಡಾಲು ಪೋತ್ನಾಳದ ನನ್ನ ಎದುರಾಳಿಗೆ ಹೋಯಿತು. ಅವನ ಸಿಂಹಾಸನದ ಒಂದು ಕಾಲು ಅಲ್ಲಾಡುತ್ತಿತ್ತಂತೆ. ಇದನ್ನು ನಾನು ಸಮಾಧಾನಕ್ಕೆಂದು ಹೇಳುತ್ತಿಲ್ಲ, ಮಾಹಿತಿಗೆಂದು ಹೇಳುತ್ತಿದ್ದೇನೆ.

ಟೀವಿಯಲ್ಲಿ ವಾಡೇವು ಬರುವ ಸಂಜೆ ನಾನು ಆ ಹಳ್ಳಿಗೇ ಹೋದೆ. ಪಂಚಾಯ್ತಿಯ ಟೀವಿಗೆ ಅಂಟೆನಾ ಕಟ್ಟಲು ಉದ್ದನೆಯ ಬಿದಿರು ಬೇಕೆಂದು ಹೇಳಿಕಳಿಸಿದ್ದರು, ಅದು ನೆಪ. ಊರೆಲ್ಲ ಕೂಡಿತ್ತು. ದೈವದ ಹಿರಿಯರು ಮುಂದೆ ಕಟ್ಟೆಯ ಮೇಲೆ, ಹೆಣ್ಣುಮಕ್ಕಳು ಹಿಂದೆ, ಅವರ ನಡುವೆ ಹುಲಿಗೆಮ್ಮ. ಹಿಂದಿಯಲ್ಲಿ ಒಂದು ದಪ್ಪ ಧ್ವನಿ ದೊರೆಗಳ ಔದಾರ್ಯ, ಅತಿಥಿ ಸತ್ಕಾರ ಎಲ್ಲ ಹೇಳುತ್ತಿತ್ತು. ಕರೀ ತೆರೆಯ ಮೇಲೆ ಗೆರೆಗಳು ಎದ್ದವು. ಬಾಗಿಲು ಎದ್ದಿತು, ಕಂಬ ಎದ್ದವು. ಕತ್ತು ಎತ್ತಿ ಕೂತು ಅವರೆಲ್ಲ ಮೊದಲ ಸಲ ಆ ವಾಡೇವಿನ ಛಾವಣಿ ನೋಡಿದರು. ಗಿಳಿ ಇರಲಿಲ್ಲ; ಯಂತ್ರಕ್ಕೆ ಗಿಳಿ ಬರೆಯಲು ಬರುವುದಿಲ್ಲವಂತೆ. ಬೀರಪ್ಪ ಒದೆ ತಿಂದದ್ದು ಅಷ್ಟರ ಮಟ್ಟಿಗೆ ದಂಡ. ಚಿತ್ರ ಪಡಸಾಲೆ ದಾಟಿ ಹಿತ್ತಲ ಅಂಗಳಕ್ಕೆ ಹೊರಳಿತು. ಅಂಗಳದ ನಡುವೆ ಒಂದು ಸಣ್ಣ ದುಂಡು ಕರಿ ಚುಕ್ಕೆ. ಮುಂದೆ ಕೂತಿದ್ದ ಒಬ್ಬಾತ ನೊಣ ಕೂತಿದೆಯೆಂದು ಟವಲಿನಿಂದ ತೆರೆಯ ಮೇಲೆ ಹೊಡೆದ. ಚುಕ್ಕೆ ಹಾರಲಿಲ್ಲ. ಚಿತ್ರ ತಿರುಗಿತು, ಅದೂ ಅಂಗಳದ ಜೊತೆಗೆ ತಿರುಗಿತು. ಆ ದಪ್ಪ ಧ್ವನಿ ಅದರ ಬಗ್ಗೆ ಏನೂ ಹೇಳಲಿಲ್ಲ. ಆಮೇಲೆ ಸಾಬೂನಿನ ಜಾಹೀರಾತು ಬಂತು.

ಹಿಂದಿನಿಂದ ಹುಲಿಗೆಮ್ಮನ ಧ್ವನಿ ಬಂತು: "ಇಷ್ಟ ಸಣ್ಣದಿತ್ತೇನು ಅದು? ನಮ್ಮಾಂವ ದೊಡ್ಡಾಳು ಇದ್ದ."

ಕಟ್ಟೆಯ ಮೇಲಿನ ಹಿರಿಯ, ವರ್ಷ ವರ್ಷ ಅವಳಿಗೆ ಬೇಡ ಎಂದವನು, ಹಿಂದಕ್ಕೆ ತಿರುಗಿದ. ಆ ಚುಕ್ಕೆಯನ್ನು ಹರೆಯದಲ್ಲಿ ದಿನಾ ಸುತ್ತು ಹಾಕಿ ನಡೆದವನೇ ಅವನು. "ಟೀವ್ಯಾಗ ಬಂದದ ಅಂದಮ್ಯಾಗ ಇಲ್ಲ ಅನ್ನಾಕ ನಾವ್ಯಾರು? ಈ ಸಲ ಎಡಿ ಇಡು ಬೇ, ಹುಲಿಗೆವ್ವಾ" ಎಂದ. ಅವಳು ಅಲ್ಲೇ ಕೂತು ಬಳೆಗಳನ್ನು ಒಂದೊಂದಾಗಿ ಕಳಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಒಡೆಯಲಿಲ್ಲ. ಪಕ್ಕದ ಹೆಂಗಸು ಅಳತೊಡಗಿದರೆ ಅವಳೇ ಸಮಾಧಾನ ಮಾಡಿದಳು.

ಹಿರೇರ ಅಮಾಸಿಗೆ ನನ್ನನ್ನು ಊಟಕ್ಕೆ ಕರೆದಳು. ನಾನು ಜಾಣ, ಬಡವಿಯ ಮನೆ, ಏನಿದ್ದೀತು, ಅವಳಿಗೆ ಭಾರ ಆಗಬಾರದೆಂದು ದಾರಿಯಲ್ಲಿ ದೇವದುರ್ಗದ ಹೋಟೆಲಿನಲ್ಲಿ ಪೂರಿ, ಮೇಲೊಂದು ದೋಸೆ, ಮೇಲೆ ಚಹಾ ಮುಗಿಸಿಯೇ ಹೋದೆ. ಗುಡಿಸಲಿನ ಗೋಡೆಗೆ ಹೊಸ ಧೋತರ ಒರಗಿಸಿ ಎಡೆ ಇಟ್ಟಿದ್ದಳು. ಹೋಳಿಗೆ, ಸಜ್ಜಕ, ಕಡುಬು, ಬದನೆಕಾಯಿ ಪಲ್ಯ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅನ್ನದ ಗುಡ್ಡ. ಸತ್ತವನ ಹೆಸರಲ್ಲಿ ಒಬ್ಬ ಗಂಡಸು ಕೂತು ಉಣ್ಣಬೇಕಂತೆ. "ನಿಮ್ಮಷ್ಟ ಮೈ ಇತ್ತು ಯಪ್ಪಾ ಅವನಿಗಿ. ನೀವ ಕೂಡ್ರಿ" ಎಂದಳು. ಎಲೆಯಲ್ಲಿ ಒಂದಗುಳು ಬಿಟ್ಟರೂ ಸತ್ತವನ ಹಸಿವು ಉಳಿಯುತ್ತದಂತೆ. ಉಂಡೆ. ಖಾಲಿಯಾದ ಹಾಗೆ ಅವಳು ಬಡಿಸಿದಳು. "ಸಾಕವ್ವಾ" ಎಂದೆ. "ಎಲ್ಲಿ ಸಾಕು" ಎಂದು ಮತ್ತೆ ಹಾಕಿದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಎಲೆಯನ್ನು ಮಾತ್ರ ನೋಡುತ್ತಿದ್ದಳು. ನನ್ನ ಧೋತರದ ಗಂಟು ಸಡಿಲಾಯಿತು, ಕಣ್ಣಲ್ಲಿ ನೀರು ಬಂತು. ಅದು ಹೊಟ್ಟೆಯ ಭಾರಕ್ಕೆ ಬಂದ ನೀರೆಂದು ಶರಣಮ್ಮನಿಗೆ ಹೇಳಿದ್ದೇನೆ, ನಿಮಗೂ ಹಾಗೇ ಹೇಳುತ್ತೇನೆ.

ಆದ್ದರಿಂದ ಓದುಗರೇ, ಅನುಭವದಿಂದ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ದೊಡ್ಡವರ ಮನೆಯ ಮದುವೆಗೆ ಬಾಯಿಮಾತು ನಂಬಬೇಡಿ, ಮುಂಗಡ ತೆಗೆದುಕೊಳ್ಳಿ. ಹಳೇ ಮನೆ ಕೊಳ್ಳುವಾಗ ಪತ್ರ ನೋಡುವುದಕ್ಕೂ ಮುಂಚೆ ಅಲ್ಲಿ ಕಸ ಹೊಡೆದವಳನ್ನು ಒಮ್ಮೆ ಅಂಗಳದಲ್ಲಿ ನಡೆಸಿ ನೋಡಿ. ಇನ್ನು, ಎಂದೂ ಎಡೆ ಕಾಣದವನ ಹೆಸರಿನ ಮೊದಲನೇ ಎಡೆಗೆ ನಿಮ್ಮನ್ನು ಯಾರಾದರೂ ಊಟಕ್ಕೆ ಕರೆದರೆ, ದಾರಿಯಲ್ಲಿ ಏನೂ ತಿನ್ನಬೇಡಿ. ಹಿಂದಿನ ದಿನವೂ ತಿನ್ನದಿದ್ದರೆ ಒಳ್ಳೆಯದು. ಅಲ್ಲಿ ಬಡಿಸುವುದು ಒಂದು ಹೊತ್ತಿನ ಊಟ ಅಲ್ಲ.